ಐನೂರ ಎಂಬತ್ತೊಂದು

ನನಗಿಂತ ಮುಂಚೆ ನೀ ಹೋಗಿ ಕುಂತಿದ್ದಿ
ಆ ಗಾಜಿನ ಕೋಣಿಯೊಳಗ.
ನಾನಿನ್ನೂ ಮೋತಿ ಸರ್ಕಲ್ಲಿನಾಗ ಆಟೋ ಇಳಿದು
ಸೀರಿ ನೆರಿಗಿ ಸರಿ ಮಾಡ್ಕೊಳ್ಳೋ ಹೊತ್ತಿಗೆ
ಕಂಪ್ಯೂಟರಿನ ಹಿಂದ
ಕುರ್ಚಿ ಎಳಕೊಂಡು, ಸುಮ್ಮನ.

ನನಗೇನು ಗೊತ್ತು?
ಕೈಚೀಲದಾಗ ಪಿಯುಸಿ ಮಾರ್ಕ್ಸ್ ಕಾರ್ಡು, ಟ್ಯಾಲಿ ಸರ್ಟಿಫಿಕೇಟು,
ಆಧಾರದ ಎರಡು ಜೆರಾಕ್ಸು, ನೀರಿನ ಬಾಟ್ಲಿ.
ಬಂಗಾರ ಒತ್ತಿ ಇಟ್ಕೊಳ್ಳೋ ಕಂಪ್ನಿ. ಕ್ಯಾಷಿಯರ್ ಕೆಲಸ.
"ಹೊನ್ನೂರಮ್ಮ ಅಂತ ಹೆಸರು!
ನಮ್ಮ ಕೌಂಟರಿಗೆ ಹೇಳಿ ಮಾಡಿಸಿದಂಗೈತಿ"
ಅಂತ ನಕ್ಕ ಎರ್ರಿಸ್ವಾಮಿ ಸಾಹೇಬ.
ನಾನೂ ನಕ್ಕೆ.
ನೀ ನಗಲಿಲ್ಲ.

ಒಂದು ಕಟ್ಟು ಕೊಟ್ಟು ಎಣಸು ಅಂದ.
ಯಂತ್ರ ಎಣಿಸಿದ ಕಟ್ಟು, ಮ್ಯಾಲೆ ನೂರು ಅಂತ ಚೀಟಿ.
ಬೆರಳಿಗೆ ನೀರು ಹಚ್ಚಲಿಲ್ಲ ನಾನು.
ಎಂಟು ವರ್ಷ ಜೀನ್ಸ್ ಹೊಲಿದ ಬೆರಳು,
ಒಂದು ಪದರ ಯಾವುದು, ಎರಡು ಯಾವುದು
ಕತ್ತಲಾಗೂ ಹೇಳ್ತಾವ.
ನೂರಾ ಒಂದು ಅಂದೆ.
ಮತ್ತ ಯಂತ್ರಕ್ಕ ಹಾಕಿದ. ನೂರು ಅಂತು.
ಅರವತ್ತೇಳನೇದು ಎತ್ತಿ ಬಿಡಿಸಿ ತೋರಿಸಿದೆ,
ಹಳೇ ಐವತ್ತರ ನೋಟೆರಡು, ಯಾರದೋ ಬೆವರಿಗೆ ಅಂಟಿ
ಗಂಡ ಹೆಂಡ್ತಿಯಂಗ ಮಲಗಿದ್ದವು.
ಕೌಂಟರಿನ ಹುಡುಗ್ಯಾರು ಬಾಯಿಗೆ ಸೆರಗು ಹಚ್ಚಿದ್ರು.
"ಸೋಮವಾರ ಬಂದುಬಿಡಮ್ಮ" ಅಂದ.
ಅಂದಿದ್ದ. ಬಾಯಿಬಿಟ್ಟು ಅಂದಿದ್ದ.

ಆಮೇಲೆ ನನ್ನ ಪ್ಯಾನ್ ನಂಬರ್ ಒತ್ತಿದ.
ನೀ ಎದ್ದು ನಿಂತಿ.

ನೀ ಹುಟ್ಟಿದ್ದು ನನಗ ನೆನಪೈತಿ.
ಕೌಲ್ ಬಜಾರಿನ ಓಣಿ ಓಣಿಯಾಗ
ಮೋಟರು ಗುಂಯ್ ಅಂತಿದ್ದ ಕಾಲ,
ಕಂತಿನ ಮ್ಯಾಲೆ ಒಂದು ಪವರ್ ಮಿಷಿನ್ ತಂದೆ.
ಹದಿನಾಲ್ಕು ಕಂತು ತಾರೀಖಿಗೆ ತುಂಬಿದೆ,
ಅದಕ್ಕ ಯಾರೂ ಡೊಳ್ಳು ಬಾರಿಸಲಿಲ್ಲ.
ಬಟ್ಟಿ ತೊಳೆಯೋ ಯೂನಿಟ್ಟಿನ ಬಾಗಿಲು ಹಾಕಿದ್ರು,
ಹೊಲಿದ ಪ್ಯಾಂಟು ಗೋಡೌನಿನಾಗ ಬಿದ್ದವು,
ಸೇಠು ಫೋನ್ ಎತ್ತಲಿಲ್ಲ.
ಮೂರು ತಿಂಗಳು. ಮೂರೇ.
ದಂಡ ಸಮೇತ ಎಲ್ಲಾ ಕಟ್ಟಿದೆ ಆಮೇಲೆ, ಕಿವಿ ಬೋಳು ಮಾಡಿ.
ಬಾಕಿ ಇಲ್ಲ ಅಂತ ಠಸ್ಸೆ ಒತ್ತಿದ ಕಾಗದ
ಇವತ್ತೂ ಅಕ್ಕಿ ಡಬ್ಬಿಯ ತಳದಾಗೈತಿ.
ನಿನ್ನ ಕಿವಿಗೆ ಯಾರು ಓದಿ ಹೇಳ್ತಾರ?

ಉಗುರಿನ ಸಂದ್ಯಾಗಿನ ನೀಲಿ
ಹುಣಸೆಹಣ್ಣು ತಿಕ್ಕಿ ತಿಕ್ಕಿ
ಒಂದು ವರ್ಷಕ್ಕ ಹೋತು.
ನೀ ಹೋಗಲಿಲ್ಲ.

ಸಾಹೇಬ ನನ್ನ ಮುಖ ನೋಡಲಿಲ್ಲ.
ಪೆನ್ನಿನ ಟೊಪ್ಪಿಗಿ ತೆಗದ, ಹಾಕಿದ, ತೆಗದ.
"ಮ್ಯಾಲಿನವರ ರೂಲ್ಸು. ರೊಕ್ಕದ ಹತ್ರ ಕುಂದ್ರಸಂಗಿಲ್ಲ.
ನೀವು ಕದೀತೀರಿ ಅಂತಲ್ಲಮ್ಮಾ..."
ಆ ಮಾತು ಕೇಳೋತನಕ
ನನಗ ಆ ವಿಚಾರಾನೇ ಬಂದಿರಲಿಲ್ಲ.

ನೂರಾ ಒಂದನೇ ನೋಟು ಟೇಬಲ್ ಮ್ಯಾಲೇ ಇತ್ತು,
ಫ್ಯಾನಿನ ಗಾಳಿಗೆ ಒಂದು ಮೂಲಿ ಏಳತಿತ್ತು.
ಪೇಪರ್ ವೇಟ್ ಅದರ ಮ್ಯಾಲೆ ಇಟ್ಟು
ಎದ್ದು ಬಂದೆ.

ಹೊರಗ ಮಟಮಟ ಮಧ್ಯಾಹ್ನ.
ಕೋಟಿ ಗುಡ್ಡದ ಬಂಡಿ ಕಾದು ಬೆಳ್ಳಗಾಗಿತ್ತು,
ಅದಿರು ಲಾರಿಯ ಕೆಂಪು ಧೂಳು ನನ್ನ ಇಸ್ತ್ರಿ ಸೀರಿ ಮ್ಯಾಲೆ.
ಗಾದಿಲಿಂಗಪ್ಪನ ಬಂಡಿ ಮುಂದ ನಿಂತು
ಒಗ್ಗರಣಿ ತಿಂದೆ, ಎರಡು ಮಿರ್ಚಿ.
ಆಟೋದ ರೊಕ್ಕ ತೆಗೆದಿಟ್ಟರೆ
ಎರಡು ರೂಪಾಯಿ ಕಡಿಮಿ.
"ನಾಳಿ ಕೊಡಕ್ಕ, ಎಲ್ಲಿಗೆ ಹೋಕ್ಕಿ" ಅಂದ.
ಬರಕೋ ಅಂದೆ.
"ಎರಡು ರೂಪಾಯಿಗೆ ಏನು ಬರಕೊಳ್ಳೋದು?"
ಬರಕೋ ಅಂದೆ ನಾನು. ಹೆಸರು ಹಾಕು, ತಾರೀಖು ಹಾಕು.
ನಾಳಿ ಕೊಡ್ತೀನಲ್ಲ,
ಅದನ್ನೂ ಬರಿ.

ಅವ ಎಣ್ಣಿ ಕೈ ಒರಸಿಕೊಂಡು
ಪೆನ್ನು ಹುಡುಕಾಕ ಹತ್ತಿದ.